ಪುಣೆಯ ಹಳೆ ವಾಡೆ, ಅರಮನೆಗಳಲ್ಲಿ ವಯಸ್ಕರ ಪಾಠ: ನಮ್ಮ ಹೆಂಗಸರಿಗೂ ಅಲ್ಲಿ ಜಾಗ ಬೇಕು

ಲೋಹಗಾಂವ್ ಟೀಚರ್

ಪುಣೆಯ ಕನ್ನಡಿಗರೆಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ನಾವು ಕೆಲವರು ಸೇರಿ ಭಾನುವಾರ ಮಧ್ಯಾಹ್ನ ಲೋಹಗಾಂವ್ ಕಡೆಯ ಒಂದು ಬಸ್ತಿಯಲ್ಲಿ, ಅಂದರೆ ಕೂಲಿಯವರ ಕೇರಿಯಲ್ಲಿ, ಹೆಂಗಸರಿಗೆ ಓದು ಬರಹ ಹೇಳಿಕೊಡುತ್ತೇವೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಕೆಲವರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಮನೆಗೆಲಸ ಮಾಡುತ್ತಾರೆ. ಮನೆಯಲ್ಲಿ ಕನ್ನಡ, ಕೆಲಸದ ಜಾಗದಲ್ಲಿ ಮರಾಠಿ, ಹಿಂದಿ. ಮೂರನ್ನೂ ಚೆನ್ನಾಗಿ ಮಾತಾಡುತ್ತಾರೆ. ಓದಲು ಒಂದೂ ಬರುವುದಿಲ್ಲ.

ಇವರನ್ನು ಆಗಾ ಖಾನ್ ಅರಮನೆಗೆ ಕರೆದುಕೊಂಡು ಹೋಗಿ ಅಲ್ಲೇ ಪಾಠ ಮಾಡಬೇಕು ಅನ್ನುವುದು ನನ್ನ ಆಸೆ. ಸುಮ್ನೆ ಸುತ್ತಾಡಿ ಬರುವುದಲ್ಲ. ತಿಂಗಳಿಗೊಮ್ಮೆ ಒಂದೊಂದು ಹಳೆ ಜಾಗ. ಆ ಜಾಗದ ಕಥೆ, ಅಲ್ಲಿನ ಫಲಕ, ಅಲ್ಲಿನ ಹೆಸರುಗಳು, ಅವೇ ಆ ದಿನದ ಪಾಠ.

ಕಾರಣ ಹೇಳುತ್ತೇನೆ. 1942ರ ಆಗಸ್ಟ್‌ನಿಂದ 1944ರ ಮೇವರೆಗೆ ಗಾಂಧೀಜಿಯನ್ನು ಅಲ್ಲಿ ಸೆರೆಯಲ್ಲಿ ಇಟ್ಟಿದ್ದರು. ಕಸ್ತೂರಬಾ ಕೂಡ ಅಲ್ಲೇ ಇದ್ದರು, 1944ರ ಫೆಬ್ರವರಿ 22ರಂದು ಅಲ್ಲೇ ತೀರಿಕೊಂಡರು. ಆ ದಿನಗಳಲ್ಲಿ ಗಾಂಧೀಜಿ ಬಾಗೆ (ಕಸ್ತೂರಬಾಗೆ) ಗುಜರಾತಿ, ಭೂಗೋಳ ಹೇಳಿಕೊಡುತ್ತಿದ್ದರು. ಬಾಗೆ ಆಗ ಎಪ್ಪತ್ತು ದಾಟಿತ್ತು, ಆರೋಗ್ಯ ಕೆಟ್ಟಿತ್ತು. ಆದರೂ ಪಾಠಕ್ಕೆ ಕೂರುತ್ತಿದ್ದರು. ಅವರ ಆರೈಕೆಗೆ ಅಂತ ಬಂದ ಹುಡುಗಿ ಮನು ಗಾಂಧಿಗೂ ಅಲ್ಲಿ ಪಾಠ ನಡೆಯಿತು. ನಮ್ಮ ಕ್ಲಾಸಿನಲ್ಲಿ "ಈ ವಯಸ್ಸಿಗೆ ನನಗ್ಯಾಕ ಇದೆಲ್ಲಾ, ಅಕ್ಕಾರ" ಅಂತ ಹಿಂದೆ ಸರಿಯುವವರು ಇದ್ದಾರೆ. ಅವರಿಗೆ ಈ ಮಾತನ್ನು ಬಸ್ತಿಯಲ್ಲಿ ಕೂತು ಹೇಳುವುದಕ್ಕೂ ಆ ಕೋಣೆಯ ಮುಂದೆ ನಿಂತು ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಂತ ನಾನು ನಂಬಿದ್ದೇನೆ.

ಪುಣೆಯ ಹಳೆ ಜಾಗಗಳಲ್ಲಿ ವಯಸ್ಕರಿಗಾಗಿ ಕಾರ್ಯಕ್ರಮ ಬೇಕಾದಷ್ಟು ನಡೆಯುತ್ತವೆ. ಹೆರಿಟೇಜ್ ವಾಕ್, ಉಪನ್ಯಾಸ, ಮೋಡಿ ಅನ್ನುವ ಹಳೆ ಮರಾಠಿ ಲಿಪಿಯ ತರಗತಿ, ಸಂಸ್ಕೃತ ತರಗತಿ. ಒಳ್ಳೆಯವೇ. ಆದರೆ ಎಲ್ಲವೂ ಆಗಲೇ ಓದಿದವರಿಗೆ. ಓದದವರಿಗಾಗಿ, ಅದೂ ಕನ್ನಡ ಮಾತಾಡುವವರಿಗಾಗಿ, ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ? ಯಾವ ಜಾಗ, ಯಾವ ಹೊತ್ತು, ಯಾವ ಲಿಪಿಯಿಂದ ಶುರು ಮಾಡಬೇಕು, ಎಲ್ಲ ಹೇಳಿ.


ಸದಾಶಿವ ಪೇಟೆಯ ನಿವೃತ್ತ

ಟೀಚರ್, ಬಹಳ ಒಳ್ಳೆಯ ವಿಚಾರ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೂರು ಜಾಗ ಹೇಳುತ್ತೇನೆ.

ಮೊದಲು ಗಂಜ್ ಪೇಟೆಯ ಫುಲೆ ವಾಡಾ, ಅಂದರೆ ಫುಲೆ ದಂಪತಿ ಇದ್ದ ಮನೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ 1855ರಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದರು. ಹಗಲು ಕೂಲಿ, ರಾತ್ರಿ ಅಕ್ಷರ. ನೀವು ಮಾಡುತ್ತಿರುವುದೂ ಅದೇ. ಅಂಗಳದಲ್ಲಿ ನೀರಿನ ತೊಟ್ಟಿ ಈಗಲೂ ಇದೆ. 1868ರಲ್ಲಿ ಅದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ನೀರಿಗಾಗಿ ದಿನಾ ಸಾಲು ನಿಲ್ಲುವ ಹೆಂಗಸರಿಗೆ ಆ ತೊಟ್ಟಿ ಯಾಕೆ ದೊಡ್ಡದು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ವಿಶ್ರಾಮಬಾಗ್ ವಾಡಾ. ಎರಡನೇ ಬಾಜೀರಾಯ ಕಟ್ಟಿಸಿದ್ದು, ಮುಂಭಾಗದ ಮರದ ಕೆತ್ತನೆ ನೋಡಲೇಬೇಕು. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ 1821ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಅದೇ ಬೆಳೆದು 1864ರಲ್ಲಿ ಡೆಕ್ಕನ್ ಕಾಲೇಜು ಎಂಬ ಹೆಸರು ಪಡೆಯಿತು, 1868ರಲ್ಲಿ ಯೆರವಡಾದ ಕಲ್ಲಿನ ಕಟ್ಟಡಕ್ಕೆ ಹೋಯಿತು. ನಿಮ್ಮ ಬಸ್ತಿಯಿಂದ ಯೆರವಡಾ ಹತ್ತಿರವೇ.

ಮೂರನೆಯದು ಸೇವಾಸದನ. ರಮಾಬಾಯಿ ರಾನಡೆ ಮದುವೆಯಾಗಿ ಬಂದಾಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡ ಮಹಾದೇವ ಗೋವಿಂದ ರಾನಡೆ ಮನೆಯಲ್ಲೇ ಕಲಿಸಿದರು. ಮನೆಯ ಹಿರಿಯ ಹೆಂಗಸರ ವಿರೋಧ ಜಾಸ್ತಿ ಇತ್ತು. ಅದೇ ರಮಾಬಾಯಿ 1909ರಲ್ಲಿ ಪುಣೆಯ ಸೇವಾಸದನ ಕಟ್ಟಿದರು. ಮದುವೆಯಾದವರು, ವಿಧವೆಯರು, ವಯಸ್ಸಾದವರು ಅಲ್ಲಿ ಓದಿದರು, ನರ್ಸಿಂಗ್ ಕಲಿತರು.

ಇನ್ನೊಂದು ಮಾತು. ಉಪನ್ಯಾಸ ಓದಿದವರಿಗೆ ಮಾತ್ರ ಅಂದಿರಿ. ಅದನ್ನು ನಾನು ಒಪ್ಪುವುದಿಲ್ಲ. ರಾನಡೆಯವರು 1875ರಲ್ಲಿ ಶುರು ಮಾಡಿದ ವಸಂತ ವ್ಯಾಖ್ಯಾನಮಾಲೆ ಇವತ್ತಿಗೂ ಬೇಸಿಗೆಯಲ್ಲಿ ನಡೆಯುತ್ತದೆ. ಕೇಳುವುದಕ್ಕೆ ಅಕ್ಷರ ಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಪುರಾಣ, ಪ್ರವಚನ, ಶರಣರ ವಚನ ಕೇಳಿಯೇ ಜನ ಬೆಳೆದರು. ನಿಮ್ಮ ಕ್ಲಾಸಿನ ಹೆಂಗಸರಿಗೆ ಕೇಳುವ ಶಕ್ತಿ ನಮಗಿಂತ ಹೆಚ್ಚು ಇರುತ್ತದೆ.


ಪಿಂಪ್ರಿ ಫಸ್ಟ್ ಶಿಫ್ಟ್

ಎಲ್ಲರೂ ಹೌದು ಹೌದು ಅನ್ನುತ್ತಿದ್ದೀರಿ. ನಾನು ಅಡ್ಡ ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅರಮನೆ ಯಾಕೆ ಬೇಕು?

ಆ ಹೆಂಗಸರಿಗೆ ವಾರದಲ್ಲಿ ಸಿಗುವುದು ಅರ್ಧ ದಿನ. ಅದರಲ್ಲೇ ಬಟ್ಟೆ ಒಗೆಯಬೇಕು, ರೇಷನ್ ತರಬೇಕು, ಮಕ್ಕಳ ತಲೆ ಬಾಚಬೇಕು. ನನ್ನ ಅಕ್ಕ ಮನೆಗೆಲಸ ಮಾಡುತ್ತಾಳೆ. ಅವಳಿಗೆ ಭಾನುವಾರವೂ ರಜೆ ಇಲ್ಲ, ಬೆಳಿಗ್ಗೆ ಎರಡು ಮನೆ ಇರುತ್ತವೆ. ಎರಡು ಬಸ್ಸು ಬದಲಾಯಿಸಿ ಒಂದು ಹಳೆ ಕಟ್ಟಡ ನೋಡಿ ಬರುವುದರಲ್ಲಿ ಅವಳಿಗೆ ಏನು ಸಿಗುತ್ತದೆ? ಬಸ್ತಿಯ ಬಾಲವಾಡಿಯಲ್ಲೇ ಚೆನ್ನಾಗಿ ಕಲಿಸಿ. ಬ್ಯಾಂಕಿನಲ್ಲಿ ಸಹಿ, ಬಸ್ಸಿನ ನಂಬರು, ಮಗುವಿನ ಶಾಲೆಯ ಚೀಟಿ. ಇಷ್ಟು ಬಂದರೆ ಜೀವನ ಬದಲಾಗುತ್ತದೆ. ಇತಿಹಾಸ ಆಮೇಲೆ.


ಲೋಹಗಾಂವ್ ಟೀಚರ್

ಇದೇ ಪ್ರಶ್ನೆ ನನ್ನನ್ನೂ ಕಾಡಿದೆ, ಅಣ್ಣ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬಸ್ತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ನೋಡಿ. ಎಲ್ಲರೂ ಬಂದು ಕೂತು, ಸ್ಲೇಟು ತೆಗೆದು, ಹತ್ತು ನಿಮಿಷ ಆಗಿರುತ್ತದೆ. ನೀರಿನ ಟ್ಯಾಂಕರ್ ಬಂತು ಅಂತ ಕೂಗು ಕೇಳುತ್ತದೆ. ಎಲ್ಲರೂ ಎದ್ದು ಓಡುತ್ತಾರೆ. ಓಡಲೇಬೇಕು. ಇನ್ನೊಮ್ಮೆ ಮುಕಾದಮ (ಕೂಲಿಯವರ ಮೇಸ್ತ್ರಿ) ಬಾಗಿಲಲ್ಲಿ ನಿಂತು ನಾಳೆಯ ಕೆಲಸದ ಲೆಕ್ಕ ಕೇಳುತ್ತಾನೆ. ಮತ್ತೊಮ್ಮೆ ಗಂಡ ಕರೆಯುತ್ತಾನೆ. ಬಸ್ತಿಯಲ್ಲಿ ಅವರು ಯಾರದೋ ಹೆಂಡತಿ, ಯಾರದೋ ತಾಯಿ, ಯಾರದೋ ಕೂಲಿ. ಎರಡು ಗಂಟೆ ಬರೀ ಕಲಿಯುವವರಾಗಿ ಇರಲು ಅಲ್ಲಿ ಬಿಡುವುದಿಲ್ಲ. ಹೊರಗಿನ ಜಾಗ ಬೇಕಿರುವುದಕ್ಕೆ ಮೊದಲ ಕಾರಣ ಇದು.

ಎರಡನೆಯ ಕಾರಣ ಆ ಅರಮನೆಯದೇ. 1892ರಲ್ಲಿ ಮೂರನೇ ಆಗಾ ಖಾನ್ ಅದನ್ನು ಕಟ್ಟಿಸಿದರು. ಸುತ್ತಲಿನ ಹಳ್ಳಿಗಳ ಬಡವರು ಬರಗಾಲಕ್ಕೆ ಸಿಕ್ಕಿದ್ದರು, ಅವರಿಗೆ ಕೂಲಿ ಸಿಗಲಿ ಅಂತ ಆ ಕೆಲಸ ಹಿಡಿದರು ಅಂತ ಅದರ ಚರಿತ್ರೆ ಹೇಳುತ್ತದೆ. ಅಂದರೆ ಕಲ್ಲು ಹೊತ್ತವರು, ಸುಣ್ಣ ಕಲಸಿದವರು ನಮ್ಮ ಹೆಂಗಸರಂಥವರೇ. ಗಾಂಧೀಜಿಯ ಹೆಸರು ಎಲ್ಲರಿಗೂ ಗೊತ್ತು. ಆ ಕಮಾನು ಎತ್ತಿದವರ ಹೆಸರು ಎಲ್ಲೂ ಇಲ್ಲ. ನಮ್ಮ ಕ್ಲಾಸಿನ ಒಬ್ಬ ತಾಯಿ ಇಪ್ಪತ್ತು ವರ್ಷದಿಂದ ಸೈಟಿನಲ್ಲಿ ಕೆಲಸ ಮಾಡಿದವರು. ಯಾವ ಗೋಡೆ ಭಾರ ಹೊರುತ್ತದೆ, ಎಲ್ಲಿ ಗಾರೆ ಬಿಡುತ್ತದೆ, ನೀರು ಎಲ್ಲಿಂದ ಇಳಿಯುತ್ತದೆ, ನೋಡಿದ ಕೂಡಲೇ ಹೇಳುತ್ತಾರೆ. ಅಂಥವರು ಅಲ್ಲಿಗೆ ಬಂದರೆ ನಾವು ಕಲಿಸುವುದಕ್ಕಿಂತ ಅವರಿಂದ ಕೇಳುವುದು ಜಾಸ್ತಿ ಇರುತ್ತದೆ. ಕಲಿಯಲು ಬಂದವರಿಗೆ "ನಿಮಗೆ ಗೊತ್ತಿರುವುದನ್ನು ಹೇಳಿ" ಅಂದರೆ ಮುಖವೇ ಬೇರೆ ಆಗುತ್ತದೆ.

ಮೂರನೆಯದು ಹೇಳಲು ಸ್ವಲ್ಪ ಕಷ್ಟ. ಊರಿನ ಒಂದು ಹಳೆ ಜಾಗಕ್ಕೆ ಇಬ್ಬರು ಹೆಂಗಸರ ಜೊತೆ ಹೋಗಿದ್ದೆ. ಗೇಟಿನಲ್ಲಿ ನನ್ನನ್ನು ಒಳಗೆ ಬಿಟ್ಟರು. ಅವರಿಬ್ಬರನ್ನು ತಡೆದು, "ಕೆಲಸಕ್ಕೆ ಬಂದಿದ್ದರೆ ಹಿಂದಿನ ಗೇಟಿಗೆ ಹೋಗಿ" ಅಂದರು. ನಾವು ನೋಡಲು ಬಂದವರು ಅಂತ ಹೇಳಿದ ಮೇಲೆ ಬಿಟ್ಟರು, ಆದರೆ ಆ ಮಾತು ಆಡಿ ಆಗಿತ್ತು. ಇಡೀ ಪುಣೆ ಕಟ್ಟುವವರಿಗೆ ಪುಣೆಯ ಮುಂಬಾಗಿಲಿನಿಂದ ಹೋಗುವ ಹಕ್ಕು ಇದೆ. ಓದು ಬರಹದ ಜೊತೆ ಅದೂ ಸಿಗಬೇಕು.

ನೀವು ಹೇಳಿದ ಬಸ್ಸಿನ ನಂಬರು, ಸಹಿ, ಚೀಟಿ ಖಂಡಿತ ಮೊದಲು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಸ್ಸಿನ ನಂಬರು ಕಲಿಯಲು ಬಸ್ಸು ಹತ್ತಿ ಎಲ್ಲಿಗಾದರೂ ಹೋಗಬೇಕಲ್ವಾ?


ಹಡಪ್ಸರದ ಕಲಬುರಗಿಯವಳು

ಟೀಚರ್, ಗೇಟಿನ ಮಾತು ಓದಿ ಮನಸ್ಸಿಗೆ ನೋವಾಯಿತು. ನನ್ನ ಅವ್ವ ಇದೇ ಪುಣೆಯಲ್ಲಿ ಸೈಟಿನಲ್ಲಿ ದುಡಿದು ನನ್ನನ್ನು ಓದಿಸಿದವಳು.

ನಿಮ್ಮ ಪಟ್ಟಿಗೆ ಒಂದು ಜಾಗ ಸೇರಿಸಿ. ಕೇಡಗಾಂವ್. ಪುಣೆಯಿಂದ ದೌಂಡ್ ಕಡೆ ಹೋಗುವಾಗ ಬರುವ ನಿಲ್ದಾಣ. ನಾವು ಕಲಬುರಗಿಗೆ ಹೋಗುವ ರೈಲು ಅದನ್ನು ದಾಟಿಯೇ ಹೋಗುತ್ತದೆ, ಆದರೆ ಅಲ್ಲಿ ಏನಿದೆ ಅಂತ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಸದನ ಅಲ್ಲಿದೆ. ಸೇವಾಸದನದ ರಮಾಬಾಯಿ ರಾನಡೆ ಬೇರೆ, ಇವರು ಬೇರೆ.

ರಮಾಬಾಯಿ ನಮ್ಮ ಕಡೆಯವರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡವರು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡು, ಅಣ್ಣನ ಜೊತೆ ದೇಶವೆಲ್ಲ ನಡೆದರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ವಿಧವೆಯರಿಗೆ ಶಾಲೆ. 1896, 97ರ ಬರಗಾಲ ಬಂದಾಗ ಊರೂರು ತಿರುಗಿ ಹೆಂಗಸರನ್ನು, ಹುಡುಗಿಯರನ್ನು ಕರೆತಂದು ಕೇಡಗಾಂವ್‌ನ ಹೊಲದಲ್ಲಿ ಇಟ್ಟುಕೊಂಡರು.

ಅಲ್ಲಿ ಬರೀ ಅಕ್ಷರ ಕಲಿಸಲಿಲ್ಲ. ಹೊಲದ ಕೆಲಸ, ನೇಯ್ಗೆ, ಹೈನು, ಮುದ್ರಣ. ಹೆಂಗಸರೇ ಅಕ್ಷರದ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಒಂದು ಕಾಲಕ್ಕೆ ಓದಲು ಬಾರದವಳು ಆಮೇಲೆ ಬೇರೆಯವರು ಓದುವ ಪುಸ್ತಕ ಮಾಡುತ್ತಾಳೆ. ನನಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಕಣ್ಣು ಕಾಣದವರಿಗೆ ಬ್ರೈಲ್ ಕೂಡ ಕಲಿಸಿದರು. 1912ರಲ್ಲಿ ಮಗಳು ಮನೋರಮಾ ಜೊತೆ ಸೇರಿ ನಮ್ಮ ಗುಲಬರ್ಗಾದಲ್ಲೂ ಶಾಲೆ ತೆರೆದರು. ರಮಾಬಾಯಿ 1922ರಲ್ಲಿ ತೀರಿಕೊಂಡರು. ಸಂಸ್ಥೆ ಇವತ್ತಿಗೂ ಇದೆ.

ಧರ್ಮದ ವಿಚಾರದಲ್ಲಿ ಆಗಿನಿಂದಲೂ ಚರ್ಚೆ ಇದೆ, ನನಗೆ ಗೊತ್ತು. ಅವರು ಕ್ರೈಸ್ತರಾದದ್ದು ಪುಣೆಯ ದೊಡ್ಡವರಿಗೆ ಹಿಡಿಸಲಿಲ್ಲ. ಆದರೆ ಹಸಿದ ಹೆಂಗಸನ್ನು ಕರೆತಂದು ಕೈಗೆ ಕೆಲಸ, ಕಣ್ಣಿಗೆ ಅಕ್ಷರ ಕೊಟ್ಟವರು ಆಗ ಎಷ್ಟು ಜನ ಇದ್ದರು? ಒಮ್ಮೆ ಹೋಗಿ ಬನ್ನಿ. ಹೋಗುವ ಮೊದಲು ಅಲ್ಲಿಯವರನ್ನು ಕೇಳಿಕೊಳ್ಳಬೇಕು. ಅಲ್ಲಿ ಈಗಲೂ ಹೆಂಗಸರು, ಮಕ್ಕಳು ವಾಸ ಇದ್ದಾರೆ.


ಬಾಣೇರ್‌ನ ಧಾರವಾಡದವರು

ನಾವು ಕೆಲಸದ ಮೇಲೆ ಇಂಗ್ಲೆಂಡಿನಲ್ಲಿ ಕೆಲವು ಕಾಲ ಇದ್ದೆವು. ಅಲ್ಲಿ ಜಹಗೀರುದಾರರ ದೊಡ್ಡ ಮನೆಗಳನ್ನು ವಯಸ್ಕರ ಶಾಲೆ ಮಾಡಿದ ಕಥೆ ಇದೆ. ನಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂಥ ಮನೆಗಳನ್ನು ಸಾಕಲು ಒಡೆಯರಿಗೆ ಆಗಲಿಲ್ಲ. ಕೆಲವು ವಯಸ್ಕರ ಕಾಲೇಜಾದವು. ಶ್ರಾಪ್‌ಶೈರ್‌ನ ಅಟಿಂಗಮ್ ಪಾರ್ಕ್ 1948ರಲ್ಲಿ ಹಾಗೆ ಶುರುವಾಯಿತು. ಜಾರ್ಜ್ ಟ್ರೆವೆಲ್ಯನ್ ಎಂಬುವರು 1971ರವರೆಗೆ ನಡೆಸಿದರು. ಅದೇ 1948ರಲ್ಲಿ ಆಕ್ಸ್‌ಫರ್ಡ್ ಹತ್ತಿರ ಹಳ್ಳಿಯ ಹೆಂಗಸರ ಸಂಘಗಳು ಸೇರಿ ಒಂದು ಹಳೆ ಬಂಗಲೆ ಕೊಂಡು ಡೆನ್ಮನ್ ಕಾಲೇಜು ಮಾಡಿದವು. ರೈತನ ಹೆಂಡತಿ ನಾಲ್ಕು ದಿನ ಮನೆ ಬಿಟ್ಟು ಬಂದು ಅಲ್ಲೇ ಉಳಿದು ಅಡುಗೆ, ಹೊಲಿಗೆ, ಸಂಗೀತ, ಸಾಹಿತ್ಯ ಕಲಿಯಬಹುದಾಗಿತ್ತು. ಲೋಹಗಾಂವ್ ಟೀಚರ್ ಹೇಳಿದ ಮೊದಲ ಕಾರಣ ಅಲ್ಲಿಯೂ ಅದೇ ಆಗಿತ್ತು. ಮನೆಯಿಂದ ಹೊರಗೆ ಬಂದರೆ ಮಾತ್ರ ಕಲಿಯಲು ಆಗುತ್ತದೆ.

ಡೆವನ್‌ನ ಡಾರ್ಟಿಂಗ್ಟನ್ ಹಾಲ್ ನಮಗೆ ಇನ್ನೂ ಹತ್ತಿರ. ಅದನ್ನು 1925ರಲ್ಲಿ ಕೊಂಡ ಲೆನರ್ಡ್ ಎಲ್ಮ್‌ಹರ್ಸ್ಟ್, ಅದಕ್ಕೂ ಮೊದಲು 1922ರಲ್ಲಿ ಬಂಗಾಳದ ಸುರೂಲ್‌ನಲ್ಲಿ ರವೀಂದ್ರನಾಥರ ಜೊತೆ ಹಳ್ಳಿಗರ ಕಲಿಕೆಯ ಕೆಲಸ ಶುರು ಮಾಡಿದವರು. ಅದೇ ಶ್ರೀನಿಕೇತನ. ಅಲ್ಲೂ ಕೆಲಸ ಶುರುವಾದದ್ದು ಒಂದು ಹಳೆ ಬಂಗಲೆಯಲ್ಲಿ. ಹೀಗೆ ನಮ್ಮ ನೆಲದ ಪಾಠ ಅಲ್ಲಿಗೆ ಹೋಯಿತು.

ಎಚ್ಚರಿಕೆಯ ಮಾತೂ ಇದೆ. ಡೆನ್ಮನ್ 2020ರಲ್ಲಿ ಮುಚ್ಚಿತು. ಹಳೆ ಕಟ್ಟಡದ ಛಾವಣಿ, ಕಿಟಕಿ, ಬಿಸಿನೀರು, ಇವುಗಳ ಖರ್ಚು ನಿಲ್ಲುವುದಿಲ್ಲ. ಖರ್ಚು ಹೆಚ್ಚಿದಂತೆ ಶುಲ್ಕ ಹೆಚ್ಚುತ್ತದೆ, ಶುಲ್ಕ ಹೆಚ್ಚಿದಂತೆ ಬಡವರು ಹೋಗುತ್ತಾರೆ. ಆದ್ದರಿಂದ ಕಟ್ಟಡ ನಮ್ಮದಾಗಬೇಕು, ಅಲ್ಲೇ ಕೇಂದ್ರ ಆಗಬೇಕು ಅನ್ನುವ ಆಸೆ ಬೇಡ. ಟೀಚರ್ ಹೇಳಿದಂತೆ ತಿಂಗಳಿಗೊಂದು ಜಾಗ, ಹೋಗಿ ಬರುವುದು, ಇದೇ ಸರಿ.


ಮೈಸೂರಿನ ಹಳೆ ಕಾರ್ಯಕರ್ತ

ಇಂಗ್ಲೆಂಡಿಗೆ ಹೋಗುವುದು ಯಾಕೆ? ನಮ್ಮ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ 1947ರಲ್ಲೇ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹಳ್ಳಿಯ ತರುಣರು ಅಲ್ಲೇ ಉಳಿದು ಬೇಸಾಯ, ಕೈಕಸುಬು, ಹಾಡು, ನಾಟಕ ಕಲಿಯುತ್ತಿದ್ದರು. ಪರೀಕ್ಷೆ ಮುಖ್ಯ ಆಗಿರಲಿಲ್ಲ, ಒಟ್ಟಿಗೆ ಬದುಕುವುದು ಮುಖ್ಯ ಆಗಿತ್ತು. ಡೆನ್ಮಾರ್ಕಿನಲ್ಲಿ 1844ರಿಂದ ನಡೆದ ಜನತಾ ಶಾಲೆಗಳ ಮಾದರಿ ಅದು.

ಟೀಚರ್, ಒಂದು ಸಲಹೆ. ಹೋದ ಕಡೆ ಹಾಡು ಇರಲಿ. ಓದಲು ಬಾರದ ಹೆಂಗಸಿಗೆ ನೂರು ಹಾಡು ಬಾಯಿಗೆ ಬರುತ್ತದೆ. ಅವಳು ಹಾಡಿದ ಬೀಸುವ ಪದವನ್ನು ನೀವು ಬರೆದು ಅವಳ ಮುಂದೆ ಇಡಿ. ಗೊತ್ತಿರುವ ಸಾಲನ್ನು ಬೆರಳಿಟ್ಟು ಓದುವುದು ಬೇಗ ಬರುತ್ತದೆ.


ಪಿಂಪ್ರಿ ಫಸ್ಟ್ ಶಿಫ್ಟ್

ಟೀಚರ್, ನಿಮ್ಮ ಉತ್ತರ ಓದಿದೆ. ಟ್ಯಾಂಕರ್ ವಿಷಯ ನಿಜ, ನಮ್ಮ ಕಡೆಯೂ ಹಾಗೇ. ಸರಿ, ಜಾಗದ ಬಗ್ಗೆ ಇನ್ನು ಜಗಳ ಇಲ್ಲ. ಆದರೆ ಲಿಪಿಯ ಬಗ್ಗೆ ಕೇಳುತ್ತೇನೆ. ಕನ್ನಡದಿಂದ ಶುರು ಮಾಡುತ್ತೀರಾ? ಪುಣೆಯಲ್ಲಿ ಬದುಕುವವರಿಗೆ ಮೊದಲು ಬೇಕಾಗಿರುವುದು ಮರಾಠಿ ಬೋರ್ಡು ಓದುವುದು. ಪಿಎಂಪಿಎಂಎಲ್ ಬಸ್ಸಿನ ಮೇಲೆ ಮರಾಠಿ ಅಂಕಿ, ಮರಾಠಿ ಹೆಸರು. ರೇಷನ್ ಅಂಗಡಿಯಲ್ಲಿ ಮರಾಠಿ, ಆಸ್ಪತ್ರೆಯ ಚೀಟಿಯಲ್ಲಿ ಮರಾಠಿ, ಮಗುವಿನ ಶಾಲೆಯಲ್ಲಿ ಮರಾಠಿ. ಕನ್ನಡ ನಮ್ಮ ಪ್ರೀತಿ, ಒಪ್ಪುತ್ತೇನೆ. ಆದರೆ ಅವರಿಗೆ ಇರುವ ಸಮಯ ಎಷ್ಟು?


ಸದಾಶಿವ ಪೇಟೆಯ ನಿವೃತ್ತ

ಇಲ್ಲ, ಕನ್ನಡವೇ ಮೊದಲು. ಮನಸ್ಸಿನಲ್ಲಿ ಇರುವ ಮಾತು ಕಾಗದದ ಮೇಲೆ ಕಂಡಾಗಲೇ ಓದು ಅಂದರೆ ಏನು ಅಂತ ಗೊತ್ತಾಗುವುದು. ಒಮ್ಮೆ ಅದು ಹಿಡಿತಕ್ಕೆ ಬಂದರೆ ಇನ್ನೊಂದು ಲಿಪಿ ಕಷ್ಟವಲ್ಲ. ಕನ್ನಡದ ಅಕ್ಷರಮಾಲೆಗೂ ಮರಾಠಿಯ ಅಕ್ಷರಮಾಲೆಗೂ ಸಾಲು ಒಂದೇ. ಕ ಖ ಗ ಘ ಅಲ್ಲಿಯೂ ಅದೇ, ಕಾಗುಣಿತದ ಕ್ರಮವೂ ಅದೇ. ಬೇಂದ್ರೆಯವರ ಮನೆಮಾತು ಮರಾಠಿ, ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಬರೆದದ್ದು ಕನ್ನಡದಲ್ಲಿ. ಎರಡು ಭಾಷೆ ಒಂದೇ ಎದೆಯಲ್ಲಿ ಇರಬಹುದು. ಆದರೆ ಮೊದಲ ಮೆಟ್ಟಿಲು ಮನೆಮಾತಿನದೇ ಆಗಬೇಕು.


ಹಡಪ್ಸರದ ಕಲಬುರಗಿಯವಳು

ಇದನ್ನು ನಾವು ನಾವೇ ನಿರ್ಧರಿಸುವುದು ಸರಿ ಅನ್ನಿಸಲಿಲ್ಲ. ಅದಕ್ಕೆ ಅವ್ವನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೊದಲ ಅಂಕಿ ಕಲಿಸರಿ. ಗುಳಿಗಿ ಚೀಟಿ ಮ್ಯಾಲೆ ತಾರೀಖು ಮುಗಿದದೋ ಇಲ್ಲೋ ನೋಡಬೇಕು. ಪಗಾರಿನ ಲೆಕ್ಕ ಮುಕಾದಮ ಬರದಿದ್ದು ಖರೇನೋ ಸುಳ್ಳೋ ನೋಡಬೇಕು. ಆಮ್ಯಾಲೆ ನನ್ನ ಹೆಸರು. ಆಮ್ಯಾಲೆ ತಂಗಿ ಊರಿಂದ ಫೋನಿನಾಗ ಏನ ಬರದಾಳ ಅದನ್ನ ನಾನ ಓದಬೇಕು, ಮಗನ ಕೈಯಾಗ ಕೊಡಬಾರದು."

ಕೊನೆಯ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅವ್ವನಿಗೆ ಬೇಕಾಗಿರುವುದು ತನ್ನ ಮಾತು ತನ್ನ ಹತ್ತಿರ ಇಟ್ಟುಕೊಳ್ಳುವ ಅವಕಾಶ.


ಲೋಹಗಾಂವ್ ಟೀಚರ್

ನಿಮ್ಮ ಅವ್ವನ ಕ್ರಮವೇ ನಮ್ಮ ಕ್ರಮ ಆಗಲಿ. ಅಂಕಿ ಮೊದಲು. ಗುಳಿಗೆ ಚೀಟಿಯಲ್ಲಿ, ಮೊಬೈಲಿನಲ್ಲಿ ಇರುವ ಅಂಕಿ ಮತ್ತು ಬಸ್ಸಿನ ಮೇಲಿನ ಮರಾಠಿ ಅಂಕಿ, ಎರಡನ್ನೂ ಜೊತೆಗೆ ಕಲಿಸಬಹುದು. ಇರುವುದು ಹತ್ತತ್ತೇ. ಆಮೇಲೆ ಹೆಸರು, ಕನ್ನಡದಲ್ಲೂ ಮರಾಠಿಯಲ್ಲೂ. ಓದು ಅಂತ ಶುರುವಾಗುವುದು ಕನ್ನಡದಲ್ಲಿ.

ಇದಕ್ಕೆ ಬೇಕಾದ ಪುಸ್ತಕ ಎಲ್ಲರ ಕೈಯಲ್ಲೂ ಇದೆ. ನೋಟು ತಿರುಗಿಸಿ ನೋಡಿ. ಹಿಂಭಾಗದಲ್ಲಿ ಹದಿನೈದು ಭಾಷೆಯಲ್ಲಿ ಬೆಲೆ ಬರೆದಿರುತ್ತದೆ. ಮೇಲಿಂದ ನಾಲ್ಕನೆಯ ಸಾಲು ಕನ್ನಡ, ಎಂಟನೆಯದು ಮರಾಠಿ. ದುಡಿದು ತಂದ ನೂರು ರೂಪಾಯಿಯ ಮೇಲೆ ತಮ್ಮ ಭಾಷೆ ಇದೆ ಅಂತ ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತು, ಇಪ್ಪತ್ತು, ಐವತ್ತು, ನೂರು. ಬೆಲೆ ಆಗಲೇ ಗೊತ್ತು, ಹಾಗಾಗಿ ಊಹಿಸಿ ಓದುತ್ತಾರೆ. ಊಹಿಸಿ ಓದುವುದೂ ಓದೇ.

ಕೇಂದ್ರದ ಉಲ್ಲಾಸ್ ಯೋಜನೆಯೂ ಇದೆ, 2022ರಿಂದ 2027ರವರೆಗೆ. 15 ವರ್ಷ ದಾಟಿದ, ಓದು ಬಾರದವರಿಗೆ ಸ್ವಯಂಸೇವಕರು ಕಲಿಸುವುದು, ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. ಪ್ರಮಾಣಪತ್ರ ಬೇಕು ಅನ್ನುವವರನ್ನು ಅದರಲ್ಲಿ ನೋಂದಾಯಿಸೋಣ. ಎಲ್ಲರಿಗೂ ಪರೀಕ್ಷೆ ಬೇಡ, ಕೆಲವರಿಗೆ ಆ ಶಬ್ದ ಕೇಳಿದರೇ ಭಯ.


ಕೊಥ್ರೂಡ್ ಕಣ್ಣಿನ ಡಾಕ್ಟರ್

ನೋಟಿನ ಹಿಂಭಾಗದ ಅಕ್ಷರ ಬಹಳ ಸಣ್ಣದು, ಅಲ್ವಾ? ಅದಕ್ಕೇ ಒಂದು ಮುಖ್ಯ ಮಾತು ಹೇಳುತ್ತೇನೆ.

ನಿಮ್ಮ ಕ್ಲಾಸಿನಲ್ಲಿ ನಲವತ್ತು ದಾಟಿದವರು ಎಷ್ಟು ಜನ ಇದ್ದಾರೆ? ಆ ವಯಸ್ಸಿಗೆ ಹತ್ತಿರದ್ದು ಮಸುಕಾಗುವುದು ಸಹಜ. ಕಣ್ಣಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರಕ್ಕೆ ಹೊಂದಿಕೊಳ್ಳುವುದಿಲ್ಲ. ಎಲ್ಲರಿಗೂ ಬರುವುದೇ. ಓದು ಬರೆಯುವವರಿಗೆ ಬೇಗ ಗೊತ್ತಾಗುತ್ತದೆ, ಕನ್ನಡಕ ತೆಗೆದುಕೊಳ್ಳುತ್ತಾರೆ. ಓದದವರಿಗೆ ಗೊತ್ತೇ ಆಗುವುದಿಲ್ಲ. ಸೂಜಿಗೆ ದಾರ ಪೋಣಿಸಲು, ಅಕ್ಕಿಯಲ್ಲಿ ಕಲ್ಲು ಆರಿಸಲು ಮಕ್ಕಳನ್ನು ಕರೆಯುತ್ತಾರೆ, ಅಷ್ಟೇ. ಕ್ಲಾಸಿಗೆ ಬಂದು ಅಕ್ಷರ ಕಾಣದಿದ್ದಾಗ "ನನ್ನ ತಲೆಗೆ ಹತ್ತುವುದಿಲ್ಲ" ಅಂದುಕೊಂಡು ಬಿಟ್ಟುಬಿಡುತ್ತಾರೆ. ತಲೆಯಲ್ಲಿ ತೊಂದರೆ ಇಲ್ಲ. ಒಂದೂವರೆ, ಎರಡು ಪವರಿನ ಸಾದಾ ಓದುವ ಕನ್ನಡಕ ಸಾಕು.

ಪಾಠ ಶುರು ಮಾಡುವ ಮೊದಲು ಎಲ್ಲರ ಕಣ್ಣು ನೋಡೋಣ. ನಾನು ಬರುತ್ತೇನೆ, ದುಡ್ಡು ಬೇಡ. ಪೊರೆ ಬಂದವರು ಇದ್ದರೆ ಅವರಿಗೆ ಮುಂದಿನ ದಾರಿ ಹೇಳುತ್ತೇನೆ. ಸೈಟಿನಲ್ಲಿ ಸುಣ್ಣ, ಸಿಮೆಂಟು ಕಣ್ಣಿಗೆ ಬಿದ್ದವರೂ ಇರುತ್ತಾರೆ, ಅದನ್ನೂ ನೋಡಬೇಕು.


ಪಿಂಪ್ರಿ ಫಸ್ಟ್ ಶಿಫ್ಟ್

ಡಾಕ್ಟರ್, ನನ್ನ ಅಕ್ಕ ಕೂಡ ಹೀಗೇ ಬಿಟ್ಟುಬಿಟ್ಟಳು. ಎರಡು ವಾರ ಹೋಗಿ, ಅಕ್ಷರ ಕುಣಿಯುತ್ತವೆ ಅಂದಳು. ನಾವೆಲ್ಲ ನೆಪ ಹೇಳುತ್ತಾಳೆ ಅಂದುಕೊಂಡಿದ್ದೆವು. ಅವಳನ್ನೂ ಕರೆತರುತ್ತೇನೆ.


ಬಾಣೇರ್‌ನ ಧಾರವಾಡದವರು

ಅನುಮತಿಯ ವಿಚಾರ. ಆಗಾ ಖಾನ್ ಅರಮನೆಯನ್ನು ನಾಲ್ಕನೇ ಆಗಾ ಖಾನ್ 1969ರಲ್ಲಿ ದೇಶಕ್ಕೆ ಕೊಟ್ಟರು. 2003ರಲ್ಲಿ ಅದು ರಾಷ್ಟ್ರೀಯ ಮಹತ್ವದ ಸ್ಮಾರಕ ಆಯಿತು, ಪುರಾತತ್ವ ಇಲಾಖೆಯ ಕೆಳಗಿದೆ. ಟಿಕೆಟ್ ತೆಗೆದುಕೊಂಡು ನೋಡಲು ಯಾರ ಅಪ್ಪಣೆಯೂ ಬೇಡ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಗುಂಪಾಗಿ ಕೂತು ಕಾರ್ಯಕ್ರಮ ಅಂತ ಮಾಡುವುದಾದರೆ ಮೊದಲೇ ಬರೆದು ಕೇಳಿಕೊಳ್ಳಿ. ಪತ್ರ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ನಾನು ಬರೆದುಕೊಡುತ್ತೇನೆ. ಅಲ್ಲಿ ಗಾಂಧಿ ಸ್ಮಾರಕ ಸಂಸ್ಥೆಯವರು ಹೆಂಗಸರ ತರಬೇತಿ ನಡೆಸಿದ್ದಾರೆ, ಅವರಿಗೆ ನಮ್ಮ ಕೆಲಸ ಬೇಗ ಅರ್ಥವಾಗುತ್ತದೆ.

ಹೋಗಲು ಮೆಟ್ರೊ ಇದೆ. ಕಲ್ಯಾಣಿನಗರ, ರಾಮವಾಡಿ ಎರಡೂ ನಿಲ್ದಾಣ ಹತ್ತಿರ. ಪಿಂಪ್ರಿಯವರು ಸಿವಿಲ್ ಕೋರ್ಟ್‌ನಲ್ಲಿ ಬದಲಾಯಿಸಬೇಕು. ಮಳೆಗಾಲ ಮುಗಿದ ಮೇಲೆ ಇಟ್ಟುಕೊಳ್ಳಿ, ಹುಲ್ಲಿನ ಮೇಲೆ ಕೂರಬಹುದು.


ಮೈಸೂರಿನ ಹಳೆ ಕಾರ್ಯಕರ್ತ

ಗೇಟಿನಲ್ಲಿ ಮತ್ತೆ ಆ ಮಾತು ಕೇಳಬಾರದು ಅಂದರೆ ಮೊದಲು ಆ ಹೆಂಗಸರು ನಡೆಯಲಿ, ನಾವು ಹಿಂದೆ ನಡೆಯೋಣ. ಟಿಕೆಟ್ ಕೂಡ ಅವರೇ ತೆಗೆಯಲಿ. ದುಡ್ಡು ಎಣಿಸಿ ಕೊಟ್ಟು, ಚಿಲ್ಲರೆ ನೋಡಿ ತೆಗೆದುಕೊಳ್ಳುವುದು ಅವತ್ತಿನ ಮೊದಲ ಪಾಠ.


ಲೋಹಗಾಂವ್ ಟೀಚರ್

ಎಲ್ಲರಿಗೂ ಧನ್ಯವಾದ. ಹೀಗೆ ಮಾಡೋಣ. ಮೊದಲು ಬಸ್ತಿಯಲ್ಲೇ ಕಣ್ಣಿನ ತಪಾಸಣೆ, ಡಾಕ್ಟರ್ ಹೇಳಿದ ದಿನ. ಆಮೇಲೆ ಆಗಾ ಖಾನ್ ಅರಮನೆ. ಅದರ ಮುಂದಿನ ತಿಂಗಳು ಫುಲೆ ವಾಡಾ. ಕೇಡಗಾಂವ್ ದೂರ, ಒಂದು ದಿನದ ಕೂಲಿ ಹೋಗುತ್ತದೆ. ಹೋಗುವುದಾದರೆ ಆ ಕೂಲಿಯನ್ನು ನಾವು ತುಂಬಿಕೊಡಬೇಕು. ಹಾಗಾಗಿ ಅದಕ್ಕೆ ವರ್ಗಣಿ ಎತ್ತಿದ ಮೇಲೆ ದಿನ ಹೇಳುತ್ತೇನೆ. ಸದಾಶಿವ ಪೇಟೆಯ ಸರ್, ಫುಲೆ ವಾಡಾದ ದಿನ ನೀವು ಮಾತಾಡಬೇಕು, ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಉಳಿದ ಹೊತ್ತು ಅವರ ಮಾತು ಕೇಳೋಣ.

ಹಡಪ್ಸರದ ತಂಗಿ, ಅವ್ವನನ್ನು ಕರೆದುಕೊಂಡು ಬನ್ನಿ.

ಒಂದು ತೊಂದರೆ ಉಳಿದಿದೆ. ಸಣ್ಣ ಮಕ್ಕಳನ್ನು ಬಿಟ್ಟು ಬರಲು ಕೆಲವರಿಗೆ ಆಗುವುದಿಲ್ಲ. ತಾಯಂದಿರು ಕಲಿಯುವ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರಾದರೂ ಬೇಕು.


ಹಡಪ್ಸರದ ಕಲಬುರಗಿಯವಳು

ನಾನು ಬರುತ್ತೇನೆ. ನನ್ನ ಗೆಳತಿಯೂ ಬರುತ್ತಾಳೆ, ಅವಳು ಬಾಲವಾಡಿಯಲ್ಲಿ ಕಲಿಸುವವಳು. ಎಷ್ಟು ಮಕ್ಕಳು, ಯಾವ ವಯಸ್ಸು ಅಂತ ತಿಳಿಸಿ ಟೀಚರ್. ಹಾಲು ಬಿಟ್ಟಿರದ ಕೂಸು ಇದ್ದರೆ ಅದನ್ನೂ ಹೇಳಿ, ಅವರಿಗೆ ತಾಯಿಯ ಹತ್ತಿರವೇ ಜಾಗ ಮಾಡಬೇಕು.